ಕಾದ ಮನೆಯ ದೋಷ ಹುಡುಕುವ ಬಗೆ: ಗದಗ, ಹುಬ್ಬಳ್ಳಿ-ಧಾರವಾಡ, ಹಾವೇರಿಯ ಬೇಸಿಗೆಗೆ ಒಂದು ಕೈಪಿಡಿ

ಮಾರ್ಚ್ ಬಂತೆಂದರೆ ನಮ್ಮ ಕಡೆ ಎಲ್ಲ ಮನೆಗಳಿಂದಲೂ ಒಂದೇ ದೂರು: ‘ಒಳಗೆ ಕೂರಲಾಗುತ್ತಿಲ್ಲ.’ ದೂರು ಒಂದೇ ಆದರೂ ಕಾರಣ ಮನೆಯಿಂದ ಮನೆಗೆ ಬೇರೆ. ಒಂದು ಮನೆಯಲ್ಲಿ ಸ್ಲ್ಯಾಬ್ ಕಾದು ರಾತ್ರಿಯೆಲ್ಲ ಕೆಳಗೆ ಕಾವು ಇಳಿಸುತ್ತದೆ. ಇನ್ನೊಂದರಲ್ಲಿ ಪಡುವಣದ ಕಿಟಕಿಯಿಂದ ಬಿಸಿಲು ನೇರವಾಗಿ ಮಂಚದ ಮೇಲೆ ಬೀಳುತ್ತದೆ. ಮತ್ತೊಂದರಲ್ಲಿ ಹೊರಗೆ ತಂಪು ಗಾಳಿ ಬೀಸುತ್ತಿದ್ದರೂ ಅದು ಒಳಬರಲು ದಾರಿಯೇ ಇಲ್ಲ. ಕಾರಣ ಹುಡುಕುವ ಮೊದಲೇ ಕೂಲರ್ ತಂದು, ಎಸಿ ಹಾಕಿಸಿ, ಕಂತು ಕಟ್ಟುತ್ತಾ ಅದೇ ಸೆಕೆಯಲ್ಲಿ ಮಲಗುವ ಎಷ್ಟೋ ಕುಟುಂಬಗಳನ್ನು ನೋಡಿದ್ದೇನೆ. ಅವರ ಮನೆಗಳಲ್ಲಿ ಬಹುಪಾಲು ದೋಷಗಳು ಒಂದು ಉಷ್ಣಮಾಪಕ, ಒಂದು ಊದಿನಕಡ್ಡಿ ಮತ್ತು ಅಂಗೈಯಿಂದಲೇ ಸಿಗುವಂಥವು. ಮನೆ ಯಾವ ಹೊತ್ತಿಗೆ ಹೆಚ್ಚು ಕಾಯುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಗದಗ, ಹುಬ್ಬಳ್ಳಿ, ಹಾವೇರಿ ಮರುಭೂಮಿಯಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆಯಾದರೆ ಗದಗಿನಲ್ಲಿ 600 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಧಾರವಾಡದಲ್ಲಿ ಇನ್ನೂ ಹೆಚ್ಚು. ಆದರೆ ಶಿವರಾತ್ರಿ ಕಳೆದ ಮೇಲೆ ಏಪ್ರಿಲ್ ಕೊನೆಯವರೆಗೆ ಇಲ್ಲಿನ ಹವೆ ಮರುಭೂಮಿಯ ರೀತಿಯಲ್ಲೇ ನಡೆದುಕೊಳ್ಳುತ್ತದೆ: ಮಧ್ಯಾಹ್ನ 37-38 ಡಿಗ್ರಿ, ಕೆಲವು ದಿನ 40; ಗಾಳಿಯಲ್ಲಿ ತೇವ ತೀರಾ ಕಡಿಮೆ; ನಸುಕಿಗೆ 21-23 ಡಿಗ್ರಿ. ಹಗಲಿಗೂ ಇರುಳಿಗೂ ಸುಮಾರು 15 ಡಿಗ್ರಿ ಅಂತರ. ಈ ಅಂತರವೇ ನಮ್ಮ ಆಸ್ತಿ. ಮರುಭೂಮಿಯ ಜನ ದಪ್ಪ ಗೋಡೆ ಕಟ್ಟಿ, ಹಗಲು ಬಾಗಿಲು ಮುಚ್ಚಿ, ರಾತ್ರಿ ತೆರೆದು ಬದುಕಿದ್ದು ಇದೇ ಅಂತರವನ್ನು ನಂಬಿ. ಮೇ ತಿಂಗಳಲ್ಲಿ ಕೃತ್ತಿಕಾ ಮಳೆಯ ಹೊತ್ತಿಗೆ ಅಡ್ಡಮಳೆ ಶುರುವಾಗಿ, ಮೋಡ ಮುಸುಕಿ, ತೇವ ಏರುತ್ತದೆ. ಆಗ ಅದೇ ಮನೆ ಬೇರೆ ರೀತಿ ವರ್ತಿಸುತ್ತದೆ, ಪರಿಹಾರವೂ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ಚೆನ್ನಾಗಿ ತಂಪು ಕೊಟ್ಟ ಕೂಲರ್ ಮೇ ಕೊನೆಗೆ ‘ಕೆಟ್ಟುಹೋಯಿತು’ ಎನ್ನಿಸುವುದು ಇದಕ್ಕೇ.

ಮೊದಲು ಅಳತೆ

ಗೋಡೆಗೆ ತೂಗುಹಾಕುವ ಸಾದಾ ಉಷ್ಣಮಾಪಕ ಎರಡು ಬೇಕು. ಜ್ವರ ನೋಡುವ ಉಪಕರಣ ಇದಕ್ಕೆ ಬಾರದು. ಅದು ಮೈಯ ಬಿಸಿಯ ಆಸುಪಾಸನ್ನು ಮಾತ್ರ ತೋರಿಸುತ್ತದೆ. ಒಂದನ್ನು ಹೊರಗೆ, ಇಡೀ ದಿನ ನೆರಳಿರುವ ಕಡೆ ತೂಗಿಹಾಕಿ. ಇನ್ನೊಂದನ್ನು ಮನೆಮಂದಿ ದೂರುವ ಕೋಣೆಯಲ್ಲಿ ಎದೆಯೆತ್ತರಕ್ಕೆ, ಗೋಡೆಗೆ ತಾಗದಂತೆ ಕಟ್ಟಿ. ಗೋಡೆಗೆ ಒತ್ತಿಕೊಂಡಿದ್ದರೆ ಅದು ಗಾಳಿಯ ಬದಲು ಗೋಡೆಯ ಬಿಸಿಯನ್ನು ಅಳೆಯುತ್ತದೆ.

ಬೆಳಗಿನ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಈ ಐದು ಹೊತ್ತಿಗೆ ಒಳಗಿನ ಮತ್ತು ಹೊರಗಿನ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೂರು ದಿನದ ಅಂಕಿ ಸಾಕು. ಜೊತೆಗೆ ಪ್ರತಿ ಹೊತ್ತಿಗೂ ಕುರ್ಚಿ ಹತ್ತಿ ಸೂರಿನ ಒಳಮೈಗೆ ಅಂಗೈ ಇಟ್ಟು ನೋಡಿ, ನಂತರ ನಾಲ್ಕೂ ಗೋಡೆಗೆ. ಕುರ್ಚಿ ಹತ್ತುವ ಮೊದಲು ಫ್ಯಾನ್ ಆಫ್ ಮಾಡುವುದನ್ನು ಮರೆಯಬೇಡಿ. ಅಂಗೈಯ ಚರ್ಮ ಸುಮಾರು 33-34 ಡಿಗ್ರಿ ಇರುತ್ತದೆ. ಮುಟ್ಟಿದ ಜಾಗ ಬೆಚ್ಚಗೆನಿಸಿತೆಂದರೆ ಅದು ನಿಮ್ಮ ಮೈಗಿಂತ ಬಿಸಿಯಾಗಿದೆ, ನಿಮ್ಮ ಕಡೆಗೆ ಕಾವು ಬೀರುತ್ತಿದೆ.

ಈಗ ಅಂಕಿಗಳನ್ನು ಓದಿ. ಮಧ್ಯಾಹ್ನ 2ಕ್ಕೆ ಒಳಗೂ ಹೊರಗೂ ಒಂದೇ ಬಿಸಿ ಇದ್ದರೆ ಹೊರಗಿನ ಗಾಳಿ ನೇರವಾಗಿ ಒಳಬರುತ್ತಿದೆ. ಕಿಟಕಿ ಬಾಗಿಲು ತೆರೆದಿವೆ, ಇಲ್ಲವೇ ಮಾಡು ತಗಡಿನದು. ಹಗಲು ತಡೆದುಕೊಳ್ಳುವಂತಿದ್ದು ಸಂಜೆ 5ರ ನಂತರ ಏರುತ್ತಾ ಹೋಗಿ, ರಾತ್ರಿ 10ಕ್ಕೆ ಹೊರಗಿಗಿಂತ ಐದಾರು ಡಿಗ್ರಿ ಹೆಚ್ಚಿದ್ದರೆ ಸ್ಲ್ಯಾಬಿನ ಮೇಲೆ, ಅದರ ನಂತರ ಪಡುವಣ ಗೋಡೆಯ ಮೇಲೆ ಗುಮಾನಿ ಇಡಿ. ಬೆಳಗಿನ 6ಕ್ಕೂ ಒಳಗೆ 29-30 ಡಿಗ್ರಿ ಇದ್ದು ಹೊರಗೆ 22 ಇದ್ದರೆ ಗಾಳಿಯಾಡುವಿಕೆಯೇ ದೋಷ. ಉಳಿದ ಕಾರಣಗಳೆಲ್ಲ ಅದರ ನಂತರದವು. ಅಂಕಿ 32 ಎನ್ನುತ್ತಿದ್ದರೂ ಮೈಗೆ ಅದಕ್ಕಿಂತ ಹೆಚ್ಚು ಎನ್ನಿಸುತ್ತಿದ್ದರೆ, ನೆತ್ತಿಯ ಮೇಲೆ ಯಾವುದೋ ಮೈ ಕಾದಿದೆ ಎಂದರ್ಥ. ಉಷ್ಣಮಾಪಕ ಹೆಚ್ಚಾಗಿ ಗಾಳಿಯ ಬಿಸಿಯನ್ನೇ ತೋರಿಸುತ್ತದೆ. ಮೇಲಿನಿಂದ ಬೀಳುವ ಕಾವನ್ನು ಮೈ ಗುರುತಿಸುತ್ತದೆ.

ಸ್ಲ್ಯಾಬ್

ನಮ್ಮ ಊರುಗಳು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್-ಮೇ ತಿಂಗಳಲ್ಲಿ ಸೂರ್ಯ ನಡುಹಗಲಿಗೆ ನೆತ್ತಿಯ ಮೇಲೆಯೇ ಇರುತ್ತಾನೆ. ಮೇ ಮೊದಲ ವಾರದಲ್ಲಿ ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತಿಗೆ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿದರೆ ನೆರಳು ಬುಡದಲ್ಲೇ ಅಡಗಿರುತ್ತದೆ. ಹಾಗಾದಾಗ ದಕ್ಷಿಣದ ಗೋಡೆಗೆ ಬಿಸಿಲು ತಾಕುವುದೇ ಇಲ್ಲ ಎನ್ನಬಹುದು. ಎಲ್ಲವನ್ನೂ ತಾರಸಿ ಹೊರುತ್ತದೆ. ಆದ್ದರಿಂದ ಮೇಲಿನ ಅಂತಸ್ತಿನ ಮನೆಯವರು ದೂರಿದರೆ ಮೊದಲು ತಾರಸಿಗೇ ಹೋಗಿ ನೋಡಬೇಕು. ಕೆಳಗಿನ ಅಂತಸ್ತಿನವರು ದೂರುತ್ತಿಲ್ಲ, ಮೇಲಿನವರಷ್ಟೇ ದೂರುತ್ತಿದ್ದಾರೆ ಎಂದಾದರೆ ಬೇರೆ ಪರೀಕ್ಷೆಯೂ ಬೇಡ.

ಲೆಕ್ಕ ಹಾಕಿ ನೋಡಿ. 10 ಅಡಿಗೆ 10 ಅಡಿಯ ಕೋಣೆಯ ಮೇಲಿನ 5 ಇಂಚು ದಪ್ಪದ ಸ್ಲ್ಯಾಬ್ ಸುಮಾರು 2,800 ಕಿಲೋ ತೂಗುತ್ತದೆ. ಅದು ಬರೀ 10 ಡಿಗ್ರಿ ಬಿಸಿ ಏರಿದರೂ ಒಳಗೆ ತುಂಬಿಕೊಳ್ಳುವ ಶಾಖ ಸುಮಾರು 7 ಯೂನಿಟ್ ವಿದ್ಯುತ್ತಿಗೆ ಸಮ. 1,000 ವಾಟಿನ ಹೀಟರನ್ನು ಏಳು ಗಂಟೆ ಉರಿಸಿದಷ್ಟು. ಸೂರ್ಯ ಮುಳುಗಿದ ಮೇಲೆ ಅದರ ಒಂದು ಪಾಲು ಆಕಾಶಕ್ಕೆ ಹೋಗುತ್ತದೆ, ಉಳಿದದ್ದು ಕೋಣೆಗೆ ಇಳಿಯುತ್ತದೆ. ಮೇಲ್ಮೈಗೆ ತಾಕಿದ ಕಾವು ಒಳಮೈಗೆ ಬರಲು ಮೂರು-ನಾಲ್ಕು ತಾಸು ಹಿಡಿಯುತ್ತದೆ. ಹಾಗಾಗಿ ಸೂರಿನ ಒಳಮೈ ಅತ್ಯಂತ ಬಿಸಿಯಾಗುವುದು ಸಂಜೆ 5-6ರ ಹೊತ್ತಿಗೆ, ನೀವು ಕೆಲಸ ಮುಗಿಸಿ ಮನೆಗೆ ಬರುವಾಗ. ಆ ಕಾವಿಗೆ ಫ್ಯಾನ್ ಹಾಕಿದರೆ ಸೂರಿನಡಿಯ ಬಿಸಿಗಾಳಿಯೇ ಕೆಳಗಿಳಿಯುತ್ತದೆ. ಇಂಥ ಕೋಣೆಗೆ ಎಸಿ ಹಾಕಿಸಿದರೆ ಅದು ಗಾಳಿಯನ್ನು ತಂಪು ಮಾಡುವ ಮೊದಲು ಸ್ಲ್ಯಾಬಿನ ಜೊತೆ ಹೋರಾಡಬೇಕು. ಯಂತ್ರ ನಿಲ್ಲುವುದೇ ಇಲ್ಲ, ಬಿಲ್ಲು ಮಾತ್ರ ಏರುತ್ತದೆ.

ಸ್ಲ್ಯಾಬೇ ದೋಷಿ ಎಂಬುದಕ್ಕೆ ಇನ್ನೊಂದು ಗುರುತು ಗೋಡೆಯಲ್ಲಿ ಸಿಗುತ್ತದೆ. ಮೇಲಂತಸ್ತಿನಲ್ಲಿ ಸ್ಲ್ಯಾಬಿನ ಅಡಿಗೇ ಗೋಡೆಯುದ್ದಕ್ಕೂ ಅಡ್ಡಲಾಗಿ ಕೂದಲೆಳೆಯಂಥ ಬಿರುಕಿದೆಯೇ ನೋಡಿ. 30 ಅಡಿ ಉದ್ದದ ಸ್ಲ್ಯಾಬ್ 20 ಡಿಗ್ರಿ ಕಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ದಿನವೂ ನಡೆಯುವ ಈ ಎಳೆದಾಟಕ್ಕೆ ಗೋಡೆಯ ತಲೆ ಸೀಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು ಬೇರೆ ಜಾತಿಯದು. ಅದು ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಾಯಿ ಬಿಟ್ಟು ತಳಪಾಯ ಕದಲಿಸಿದ್ದರ ಲಕ್ಷಣ. ಗೌಂಡಿ ಎರಡಕ್ಕೂ ಸಿಮೆಂಟ್ ತುಂಬಿ ಹೋಗುತ್ತಾರೆ, ಮರುವರ್ಷ ಎರಡೂ ಮತ್ತೆ ಬಾಯಿ ಬಿಡುತ್ತವೆ. ಮೊದಲನೆಯದಕ್ಕೆ ತಾರಸಿಯ ಬಣ್ಣ ಬದಲಿಸುವುದು ಮದ್ದು. ಎರಡನೆಯದಕ್ಕೆ ತಳಪಾಯ ಬಲ್ಲ ಎಂಜಿನಿಯರ್ ಬೇಕು.

ಮದ್ದಿನ ವಿಷಯಕ್ಕೆ ಬಂದರೆ, ನನ್ನ ಅಭಿಪ್ರಾಯದಲ್ಲಿ ಸುಣ್ಣಕ್ಕೆ ಸಾಟಿ ಇಲ್ಲ. ಮಾಸಿದ ಬೂದು ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನ ಮೂರನೇ ಎರಡು ಭಾಗವನ್ನು ಹೀರುತ್ತದೆ. ಮಳೆಗಾಲದ ಪಾಚಿ ಒಣಗಿ ಕಪ್ಪಾಗಿದ್ದರೆ ಇನ್ನೂ ಹೆಚ್ಚು. ಹೊಸದಾಗಿ ಹಚ್ಚಿದ ಬಿಳಿ ಸುಣ್ಣ ಹೀರುವುದು ಸುಮಾರು ನಾಲ್ಕನೇ ಒಂದು ಭಾಗ. ಹಚ್ಚುವ ಮೊದಲು ತಾರಸಿಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಗುಡಿಸಿ, ತೊಳೆಯಬೇಕು. ಅರಳಿಸಿದ ಸುಣ್ಣವನ್ನು ಸೋಸಿ, ಸ್ವಲ್ಪ ಬಿಳಿ ಸಿಮೆಂಟ್ ಮತ್ತು ಬಡಗಿಗಳು ಬಳಸುವ ಬಿಳಿ ಅಂಟನ್ನು ಬೆರೆಸಿ, ತೆಳುವಾಗಿ ಎರಡು-ಮೂರು ಸಲ ಬಳಿಯಿರಿ. ದಪ್ಪ ಬಳಿದರೆ ಹಕ್ಕಳೆಯಾಗಿ ಏಳುತ್ತದೆ. ಸಂಜೆ ಬಳಿಯಿರಿ, ಉರಿ ಬಿಸಿಲಿನಲ್ಲಿ ಬಳಿದದ್ದು ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಕವಚ ಹಾಕಿಕೊಳ್ಳಲೇಬೇಕು, ಮಕ್ಕಳನ್ನು ದೂರವಿಡಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಪ್ಯಾರಾಪೆಟ್ ಗೋಡೆಯ ಒಳಮೈಗೂ ಹಚ್ಚಿ.

ಅಂಗಡಿಯಲ್ಲಿ ಸಿಗುವ ಬಿಸಿಲು ತಡೆಯುವ ಬಣ್ಣಗಳು ಸುಣ್ಣಕ್ಕಿಂತ ಹೆಚ್ಚು ಬಾಳುತ್ತವೆ, ದುಡ್ಡೂ ಹೆಚ್ಚು. ಒಡೆದ ಬಿಳಿ ಟೈಲ್ಸ್ ಚೂರುಗಳ ಹಾಸು ಎಲ್ಲಕ್ಕಿಂತ ಬಾಳಿಕೆಯದು. ಮಳೆಗೂ ಜಗ್ಗುವುದಿಲ್ಲ, ಹೊಸ ಮನೆ ಕಟ್ಟುವವರಿಗೆ ನಾನು ಅದನ್ನೇ ಹೇಳುತ್ತೇನೆ. ಯಾವುದನ್ನೇ ಹಾಕಿದರೂ ಗುಡಿಸುವುದು ತಪ್ಪಬಾರದು. ಗದಗಿನ ಗಾಳಿ ಎಂಥದ್ದೆಂದು ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಆ ಗಾಳಿ ತರುವ ಧೂಳು ಬಿಳಿ ತಾರಸಿಯನ್ನು ಬೇಗನೆ ಕಂದು ಮಾಡುತ್ತದೆ. ‘ಸುಣ್ಣ ಹಚ್ಚಿದರೂ ತಂಪಾಗಲಿಲ್ಲ’ ಎನ್ನುವವರ ತಾರಸಿ ಹತ್ತಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಈ ಧೂಳಿನ ಪದರ. ಬೇಸಿಗೆಯಲ್ಲಿ ತಾರಸಿಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ ಹರಡುವ ಮನೆಗಳಲ್ಲಿ, ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಗಿಸುವ ಮನೆಗಳಲ್ಲಿ ಆ ಕೆಲಸಕ್ಕೆ ಒಂದು ಮೂಲೆ ಬಿಟ್ಟು ಉಳಿದದ್ದಕ್ಕೆ ಹಚ್ಚಿ. ಸುಣ್ಣದ ಪುಡಿ ಹಪ್ಪಳಕ್ಕೆ ಅಂಟಿದರೆ ಮನೆಯ ಹೆಂಗಸರು ಮುಂದಿನ ವರ್ಷ ಸುಣ್ಣ ಹಚ್ಚಗೊಡುವುದಿಲ್ಲ, ಅದು ನ್ಯಾಯವೇ.

ಸಂಜೆ ನೀರು ಹೊಡೆಯುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಸುಮಾರು 2,400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. ಮೇಲೆ ಹೇಳಿದ 7 ಯೂನಿಟ್ ಶಾಖವನ್ನು ತೆಗೆಯಲು ಲೆಕ್ಕದ ಪ್ರಕಾರ 10 ಲೀಟರ್ ಸಾಕು, ಒಂದು ಕೊಡಕ್ಕೂ ಕಡಿಮೆ. ಆದರೆ ಪೈಪ್ ಹಿಡಿದು ಸುರಿದ ನೀರಿನಲ್ಲಿ ಹೆಚ್ಚಿನದು ಆವಿಯಾಗುವ ಮೊದಲೇ ಹರಿದು ಮೋರಿ ಸೇರುತ್ತದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಹಲವು ವಾರ್ಡುಗಳಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ಸವದತ್ತಿಯ ಮಲಪ್ರಭೆಯಿಂದ ಬಂದ ನೀರನ್ನು ಹೀಗೆ ಚೆಲ್ಲುವುದು ನನಗೆ ಸರಿಕಾಣುವುದಿಲ್ಲ. ಹಳೆಯ ಗೋಣಿಚೀಲಗಳನ್ನು ಹಾಸಿ, ಬಟ್ಟೆ ಒಗೆದ ಕೊನೆಯ ನೀರನ್ನು ಚಿಮುಕಿಸಿದರೆ ನೀರು ನಿಂತು ಆರುತ್ತದೆ. ಸ್ಲ್ಯಾಬಿನಲ್ಲಿ ಸೋರಿಕೆ ಇದ್ದರೆ ಇದನ್ನು ಮಾಡಬೇಡಿ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಮಣ್ಣು ತುಂಬುವ ಆಸೆಯೂ ಹಲವರಿಗಿದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಲೆಕ್ಕ ಹಿಡಿಯುವ ಓಡಾಟದ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಬರೀ 3 ಇಂಚು ಹಸಿಮಣ್ಣು ಚದರ ಮೀಟರಿಗೆ 130 ಕಿಲೋ ದಾಟುತ್ತದೆ. ಎಂಜಿನಿಯರ್ ಬಂದು ಸ್ಲ್ಯಾಬ್ ನೋಡಿ ಒಪ್ಪದೆ ಒಂದು ಬುಟ್ಟಿ ಮಣ್ಣನ್ನೂ ಮೇಲೇರಿಸಬೇಡಿ. ನೆರಳು ಬೇಕಿದ್ದರೆ ಕಂಬ ನೆಟ್ಟು ಹಸಿರು ಬಲೆ ಕಟ್ಟಿ. ಸ್ಲ್ಯಾಬಿಗೂ ಬಲೆಗೂ ನಡುವೆ ಗಾಳಿಯಾಡಲು ಆಳೆತ್ತರದ ಅಂತರ ಬಿಡಿ, ಮೇ ತಿಂಗಳ ಬಿರುಗಾಳಿಗೆ ಹಾರಿಹೋಗದಂತೆ ಬಿಗಿಯಿರಿ.

ಪಡುವಣದ ಗೋಡೆ, ಪಡುವಣದ ಕಿಟಕಿ

ರಾತ್ರಿ 9ಕ್ಕೆ ಸೂರು ಅಷ್ಟೇನೂ ಬಿಸಿಯಿಲ್ಲ, ಆದರೆ ಒಂದು ಗೋಡೆ ಮಾತ್ರ ಬೆಚ್ಚಗಿದೆ ಎಂದಾದರೆ ಅದು ಬಹುಪಾಲು ಪಡುವಣದ್ದೇ. 9 ಇಂಚಿನ ಇಟ್ಟಿಗೆ ಗೋಡೆಯನ್ನು ದಾಟಲು ಕಾವಿಗೆ ಆರೇಳು ತಾಸು ಬೇಕು. ಮಧ್ಯಾಹ್ನ ಬಿದ್ದ ಬಿಸಿಲು ನೀವು ಮಲಗುವ ಹೊತ್ತಿಗೆ ಒಳಗೆ ತಲುಪುತ್ತದೆ. ಹೊಸ ಬಡಾವಣೆಗಳಲ್ಲಿ ಕಟ್ಟುವ 6 ಇಂಚಿನ ಸಿಮೆಂಟ್ ಬ್ಲಾಕ್ ಗೋಡೆಯಲ್ಲಿ ಅದು ಊಟದ ಹೊತ್ತಿಗೇ ಬಂದುಬಿಡುತ್ತದೆ. ಮಂಚವನ್ನು ಆ ಗೋಡೆಯಿಂದ ಸರಿಸಿ, ಬೀರುವನ್ನು ಅಲ್ಲಿಡಿ. ದುಡ್ಡಿಲ್ಲದ ಈ ಮದ್ದನ್ನು ಇಂದೇ ಮಾಡಬಹುದು. ಹೊರಗಿನಿಂದ ತಿಳಿ ಬಣ್ಣ, ಗೋಡೆಗೆ ಗೇಣು ದೂರದಲ್ಲಿ ಬಿದಿರಿನ ತಟ್ಟಿ ಅಥವಾ ಬಳ್ಳಿ. ಬೇವು, ಹೊಂಗೆ ನೆಡುವುದು ಒಳ್ಳೆಯದೇ, ಆದರೆ ಎರೆ ಮಣ್ಣಿನಲ್ಲಿ ಗೋಡೆಯ ಬುಡಕ್ಕೆ ನೆಟ್ಟರೆ ಬೇರು ತೇವ ಹೀರಿ ಮಣ್ಣು ಇನ್ನಷ್ಟು ಕುಗ್ಗುತ್ತದೆ. ಬೆಳೆದ ಮರದ ಎತ್ತರದಷ್ಟು ದೂರ ಬಿಡಿ.

ಕಿಟಕಿಯದು ಬೇರೆ ಲಕ್ಷಣ. ಅಲ್ಲಿ ಕಾವು ತಡಮಾಡುವುದಿಲ್ಲ. ಬಿಸಿಲು ಬಿದ್ದ ಗಳಿಗೆಗೆ ಬಿಸಿ, ಹೋದ ಮೇಲೆ ಇಳಿತ. 4 ಅಡಿಗೆ 4 ಅಡಿಯ ಸಾದಾ ಗಾಜಿನ ಪಡುವಣ ಕಿಟಕಿಯಿಂದ ಸಂಜೆ 4-5ರ ಬಿಸಿಲು ಸುಮಾರು 800 ವಾಟ್‌ನಷ್ಟು ಶಾಖ ಒಳತರುತ್ತದೆ. ಒಳಗೆ ಪರದೆ ಎಳೆದರೆ ಬೆಳಕು ನಿಲ್ಲುತ್ತದೆ, ಶಾಖ ನಿಲ್ಲುವುದಿಲ್ಲ. ಅದು ಆಗಲೇ ಗಾಜು ದಾಟಿ ಬಂದಿದೆ, ಪರದೆಯೇ ಕಾದು ಕೋಣೆಗೆ ಬಿಡುತ್ತದೆ. ನೆರಳು ಗಾಜಿನ ಹೊರಗೇ ಇರಬೇಕು. ಸಜ್ಜಾ ಇದ್ದರೂ ಸಂಜೆಯ ಬಿಸಿಲು ಅದರಡಿಯಿಂದ ನುಸುಳುತ್ತದೆ, ಏಕೆಂದರೆ ಸೂರ್ಯ ಆಗ ತೀರಾ ಕೆಳಗಿರುತ್ತಾನೆ. ಮೇ ತಿಂಗಳಲ್ಲಿ ಅವನು ಮುಳುಗುವುದು ಪಶ್ಚಿಮದಿಂದ ಉತ್ತರಕ್ಕೆ ವಾಲಿದ ಕಡೆ, ಆದ್ದರಿಂದ ವಾಯವ್ಯದ ಕಿಟಕಿಗಳನ್ನೂ ನೋಡಿ. ಮೇಲಿನಿಂದ ಇಳಿಬಿಡುವ ಬಿದಿರಿನ ಪರದೆ ಅಥವಾ ಗೋಣಿತಟ್ಟು ಇದಕ್ಕೆ ಸಾಕು. ಅದು ಸುತ್ತಿ ಮೇಲೆತ್ತುವಂತಿರಲಿ. ಕಾರಣ ಮುಂದಿದೆ.

ರಾತ್ರಿಯ ಗಾಳಿ ಒಳಗೆ ಬರುತ್ತಿದೆಯೇ

ಬೇಸಿಗೆಯ ಸಂಜೆ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ, ಘಟ್ಟದ ಕಡೆಯಿಂದ ಬೀಸುತ್ತದೆ. ಹಗಲೆಲ್ಲ ಬಿಸಿಲು ತರುವ ಅದೇ ದಿಕ್ಕು ದೀಪ ಹಚ್ಚುವ ಹೊತ್ತಿಗೆ ತಂಪು ತರುತ್ತದೆ. ಪಡುವಣದ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿಸಿದವರು ಈ ತಂಪನ್ನೂ ಕಳೆದುಕೊಂಡರು. ಸೂರ್ಯ ಮುಳುಗುವುದು 6.50ರ ಆಸುಪಾಸಿಗೆ, ಅಲ್ಲಿಯವರೆಗೆ ಪರದೆ ಇಳಿಬಿಟ್ಟಿರಿ, ಹೊರಗಿನ ಅಂಕಿ ಒಳಗಿನದಕ್ಕಿಂತ ಕೆಳಗಿಳಿದ ಕೂಡಲೇ ಪರದೆ ಎತ್ತಿ ಕಿಟಕಿ ತೆರೆಯಿರಿ.

ಬಹಳ ಮನೆಗಳಲ್ಲಿ ಇದು ತಿರುವುಮುರುವು. ಗಾಳಿಯಾಡಲಿ ಎಂದು ಹಗಲು ಎಲ್ಲ ತೆರೆದಿಟ್ಟು 38 ಡಿಗ್ರಿ ಗಾಳಿಯನ್ನು ಒಳಗೆ ತುಂಬುತ್ತಾರೆ. ಸೊಳ್ಳೆ, ಕಳ್ಳರ ಭಯಕ್ಕೆ ರಾತ್ರಿ ಎಲ್ಲ ಮುಚ್ಚುತ್ತಾರೆ. ಭಯ ಸುಳ್ಳಲ್ಲ. ಅದಕ್ಕೆ ಸರಳು ಮತ್ತು ಸೊಳ್ಳೆ ಪರದೆಗೆ ಹಣ ಹಾಕಿ. ಆ ಹಣ ಕೂಲರಿಗಿಂತ ಹೆಚ್ಚು ದಿನ ಕೆಲಸ ಮಾಡುತ್ತದೆ. ಬೆಳಿಗ್ಗೆ 8-9ಕ್ಕೆ, ಹೊರಗಿನ ಅಂಕಿ ಒಳಗಿನದನ್ನು ದಾಟುವ ಮೊದಲೇ, ಎಲ್ಲ ಮುಚ್ಚಿ.

ತೆರೆದರೂ ತಂಪಾಗದಿದ್ದರೆ ಊದಿನಕಡ್ಡಿ ಹಚ್ಚಿ. ರಾತ್ರಿ 10ರ ನಂತರ ಫ್ಯಾನ್ ಆಫ್ ಮಾಡಿ, ಕಿಟಕಿಯ ಬಳಿ ಹಿಡಿದು ಹೊಗೆ ಯಾವ ಕಡೆ ವಾಲುತ್ತದೆ ನೋಡಿ. ಹೊಗೆ ನೆಟ್ಟಗೆ ಮೇಲೇರಿದರೆ ಗಾಳಿಗೆ ಬರುವ ದಾರಿ ಇದೆ, ಹೋಗುವ ದಾರಿ ಇಲ್ಲ. ಕೋಣೆಯ ಬಾಗಿಲು ತೆರೆದು ಎದುರು ದಿಕ್ಕಿನ ಕಿಟಕಿಯನ್ನೂ ತೆರೆಯಿರಿ. ಹೊಗೆ ವಾಲಿತೆಂದರೆ ದೋಷ ಸಿಕ್ಕಿತು. ಎದುರು ಕಿಟಕಿ ಇಲ್ಲದ ಮನೆಗಳಲ್ಲಿ ತಾರಸಿಗೆ ಹೋಗುವ ಮೆಟ್ಟಿಲಿನ ಬಾಗಿಲು ಬಹಳ ಕೆಲಸಕ್ಕೆ ಬರುತ್ತದೆ. ಬಿಸಿಗಾಳಿ ಮೇಲೇರುವ ಸ್ವಭಾವದ್ದು. ಮೆಟ್ಟಿಲ ಬಾಗಿಲಿಗೆ ಸರಳಿನ ಜಾಲರಿ ಹಾಕಿಸಿ ರಾತ್ರಿ ತೆರೆದಿಟ್ಟರೆ ಇಡೀ ಮನೆಯ ಬಿಸಿ ಅಲ್ಲಿಂದ ಹೊರಹೋಗಿ ಕೆಳಗಿನ ಕಿಟಕಿಗಳಿಂದ ತಂಪು ಒಳಬರುತ್ತದೆ. ಹಗಲು ಮಾತ್ರ ಅದನ್ನು ಮುಚ್ಚಲೇಬೇಕು.

ಇನ್ನೂ ಮೂರು ಸಣ್ಣ ಕಾರಣಗಳನ್ನು ನೋಡಿ. ಸೊಳ್ಳೆ ಪರದೆಯ ಕಣ್ಣುಗಳಲ್ಲಿ ಧೂಳು ತುಂಬಿ ಗಾಳಿ ನಿಂತಿರಬಹುದು, ತೊಳೆಯಿರಿ. ಸರಿಯುವ ಅಲ್ಯುಮಿನಿಯಂ ಕಿಟಕಿಯಲ್ಲಿ ಅರ್ಧ ಮಾತ್ರ ತೆರೆಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಬಾಗಿಲ ಮೇಲಿನ ವೆಂಟಿಲೇಟರನ್ನು ಎಸಿ ಹಾಕಿಸುವಾಗ ಕಾಗದ ಅಂಟಿಸಿ ಮುಚ್ಚಿರುತ್ತಾರೆ, ಎಸಿ ಹೋದರೂ ಕಾಗದ ಉಳಿದಿರುತ್ತದೆ.

ಬೆಟಗೇರಿಯ ನೇಕಾರರ ಮನೆಗಳಿಗೆ ಈ ಮಾತು ಪೂರ್ತಿ ಹೊಂದುವುದಿಲ್ಲ. ಒಣಗಾಳಿ ಬೀಸಿದರೆ ಹಾಸಿನ ಎಳೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು) ಬಿರುಸಾಗಿ ಪಟಪಟನೆ ಹರಿಯುತ್ತದೆ, ಅದಕ್ಕೇ ಅವರು ಮಗ್ಗದ ಕೋಣೆ ಮುಚ್ಚಿಟ್ಟು ಸೆಕೆಯಲ್ಲೇ ದುಡಿಯುತ್ತಾರೆ. ಅವರಿಗೆ ಕಿಟಕಿ ತೆರೆಯಿರಿ ಎಂದು ಹೇಳುವುದು ಅವರ ಅನ್ನಕ್ಕೆ ಕೈ ಹಾಕಿದಂತೆ. ಅಲ್ಲಿ ಮಾಡಿನ ಕಾವನ್ನು ತಡೆಯುವುದು, ಒದ್ದೆ ಗೋಣಿ ಕಟ್ಟಿ ತೇವ ಉಳಿಸುವುದು, ನೇಯ್ಗೆ ನಿಂತ ಮೇಲೆ ರಾತ್ರಿ ತೆರೆಯುವುದು, ಇವೇ ದಾರಿ.

ಕೂಲರ್ ಕೆಲಸ ಮಾಡುತ್ತಿಲ್ಲ

ಕೂಲರಿನ ದೂರುಗಳಲ್ಲಿ ಹೆಚ್ಚಿನವು ಯಂತ್ರದ್ದಲ್ಲ. ಒಂದು ಉಷ್ಣಮಾಪಕದ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಗಾಳಿಗೆ ಹಿಡಿಯಿರಿ. ಇಳಿದು ನಿಂತ ಅಂಕಿಗಿಂತ ಕೆಳಗೆ ಯಾವ ಕೂಲರೂ ಹೋಗಲಾರದು. 38 ಡಿಗ್ರಿ ಬಿಸಿ, ಶೇಕಡ 25 ತೇವ ಇರುವ ಏಪ್ರಿಲ್ ಮಧ್ಯಾಹ್ನದಲ್ಲಿ ಆ ಅಂಕಿ 23ರ ಹತ್ತಿರ ಇರುತ್ತದೆ. ಒಳ್ಳೆಯ ಕೂಲರ್ 27 ಡಿಗ್ರಿ ಗಾಳಿ ಕೊಡಬಲ್ಲದು. ಮೇ ಕೊನೆಯಲ್ಲಿ 34 ಡಿಗ್ರಿ, ಶೇಕಡ 60 ತೇವ ಇದ್ದರೆ ಅಂಕಿ 27-28ಕ್ಕೇ ನಿಲ್ಲುತ್ತದೆ, ಅದೇ ಕೂಲರ್ 29ರ ಗಾಳಿ ಕೊಡುತ್ತದೆ, ಅದೂ ಅಂಟಂಟು. ಆಗ ಪಂಪ್ ನಿಲ್ಲಿಸಿ ಬರೀ ಫ್ಯಾನಾಗಿ ಓಡಿಸಿ.

ಏಪ್ರಿಲ್‌ನಲ್ಲೇ ಅಂಟು ಅಂಟಾಗುತ್ತಿದ್ದರೆ ಕೋಣೆ ಮುಚ್ಚಿದೆ ಎಂದರ್ಥ. ಕೂಲರನ್ನು ಕಿಟಕಿಗೆ ಹೊಂದಿಸಿ ಹೊರಗಿನ ಒಣಗಾಳಿ ಎಳೆಯುವಂತೆ ಇಡಿ, ಎದುರಿನ ಕಿಟಕಿಯನ್ನು ತೆರೆಯಿರಿ. ಕೋಣೆಯ ನಡುವೆ ಇಟ್ಟರೆ ಅದು ತಾನೇ ಬಿಟ್ಟ ಒದ್ದೆಗಾಳಿಯನ್ನು ಮತ್ತೆ ಎಳೆಯುತ್ತದೆ. ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟಿದ್ದರೆ ಅದು ಬೋರ್‌ವೆಲ್ ಗಡಸು ನೀರಿನ ಲವಣ. ನೀರು ಪ್ಯಾಡಿನುದ್ದಕ್ಕೂ ಇಳಿಯದೆ ಒಣ ಪಟ್ಟಿಗಳಾಗುತ್ತವೆ, ಅಲ್ಲಿಂದ ಬಿಸಿಗಾಳಿ ನುಗ್ಗುತ್ತದೆ. ಐಸ್ ಹಾಕುವುದರಿಂದ ಹೆಚ್ಚೇನೂ ಆಗದು: ಒಂದು ಕಿಲೋ ಐಸ್ ಕರಗುವಾಗ ಹೀರುವುದು 334 ಕಿಲೋಜೂಲ್, ಒಂದು ಲೀಟರ್ ನೀರು ಆರುವಾಗ ಅದರ ಏಳು ಪಟ್ಟು. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಒಣಗಿಸಿ, ಡೆಂಗಿ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ.

ತಗಡು, ಹಂಚು, ಮಾಳಿಗೆ

ತಗಡಿನ ಮನೆಯ ಗುರುತು ಸುಲಭ. ಬೆಳಿಗ್ಗೆ 10ಕ್ಕೇ ಉರಿ, ಸೂರ್ಯ ಮುಳುಗಿದ ಒಂದು ತಾಸಿಗೆ ತಂಪು. ತಗಡಿಗೆ ಕಾವು ಹಿಡಿದಿಡುವ ಶಕ್ತಿಯಿಲ್ಲ, ತಡೆಯುವ ಶಕ್ತಿಯೂ ಇಲ್ಲ. ಮೇಲೆ ಬಿಳಿ ಬಣ್ಣ, ಕೆಳಗೆ ಒಂದಡಿ ಬಿಟ್ಟು ಬಿದಿರು ಚಾಪೆಯ ಅಡ್ಡಸೂರು, ಎರಡರ ನಡುವಿನ ಗಾಳಿ ಎರಡೂ ಕೊನೆಯಿಂದ ಹೊರಹೋಗಲು ಕಿಂಡಿ. ಚಾಪೆ ಒಲೆಯಿಂದ ದೂರವಿರಲಿ.

ಧಾರವಾಡದ ಮಾಳಮಡ್ಡಿಯಂಥ ಕಡೆ ಉಳಿದಿರುವ ಹಂಚಿನ ಮನೆಗಳಲ್ಲಿ ಹಂಚಿನ ಸಂದಿಯಿಂದಲೇ ಬಿಸಿ ಹೊರಹೋಗುತ್ತದೆ. ಅಂಥ ಮನೆ ಈಚೆಗೆ ಕಾಯತೊಡಗಿದ್ದರೆ ಹಂಚಿನಡಿ ಪ್ಲಾಸ್ಟಿಕ್ ಹಾಸಿದ್ದಾರೆಯೇ, ಅಡ್ಡಸೂರು ಹಾಕಿ ಸಂದಿ ಮುಚ್ಚಿದ್ದಾರೆಯೇ ನೋಡಿ. ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳು ಇವೆಲ್ಲಕ್ಕಿಂತ ಜಾಣತನದವು. ಎರಡಡಿ ಗೋಡೆ, ಜಂತಿಯ ಮೇಲೆ ದಪ್ಪ ಮಣ್ಣು: ಹಗಲಿನ ಕಾವು ಒಳಗೆ ಬರುವಷ್ಟರಲ್ಲಿ ನಸುಕಾಗಿರುತ್ತದೆ. ರೋಣ, ನರಗುಂದ ಕಡೆಯ ಇಂಥ ಮನೆಗಳ ಪಡಸಾಲೆಯಲ್ಲಿ ಮಧ್ಯಾಹ್ನ ಕೂತವರಿಗೆ ಇದು ಗೊತ್ತು. ಅವುಗಳಲ್ಲಿ ಸೆಕೆಯ ದೂರು ಬಂದರೆ ನಾನು ಮೊದಲು ನೋಡುವುದು ಬೆಳಕಿಂಡಿಯನ್ನು. ಮಳೆ ಸೋರುತ್ತದೆಂದು ಅದರ ಮೇಲೆ ಗಾಜು ಕೂರಿಸಿ ಗಾರೆ ಹಚ್ಚಿಬಿಟ್ಟಿರುತ್ತಾರೆ. ಹೊಗೆಯೂ ಬಿಸಿಯೂ ಹೋಗಲು ಇದ್ದ ಒಂದೇ ದಾರಿ ಹಾಗೆ ಮುಚ್ಚಿರುತ್ತದೆ. ಮೇಲೆ ಮುಚ್ಚಿಗೆ ಇಟ್ಟು ಬದಿಗೆ ಜಾಲರಿ ಹಾಕಿ.

ಒಳಗೇ ಹುಟ್ಟುವ ಕಾವು

ಅಡುಗೆಮನೆ ಮಧ್ಯಾಹ್ನ ಮಾತ್ರ ಕಾಯುತ್ತಿದ್ದರೆ ಗೋಡೆ ಸೂರು ಬಿಟ್ಟು ಒಲೆ ನೋಡಿ. ಗ್ಯಾಸಿನ ಒಂದು ಬರ್ನರ್ ಎರಡು ಸಾವಿರ ವಾಟ್ ಆಸುಪಾಸಿನ ಶಾಖ ಕೊಡುತ್ತದೆ. ಜೋಳದ ರೊಟ್ಟಿ ಬಡಿಯುವ ತಾಯಂದಿರು ಅದರ ಮುಂದೆ ಒಂದು ತಾಸು ನಿಲ್ಲುತ್ತಾರೆ. ಬೇಸಿಗೆಯಲ್ಲಿ ಆ ಕೆಲಸ ನಸುಕಿಗೆ ಆಗಲಿ, ಕಡಕ್ ರೊಟ್ಟಿ ಮಾಡಿಟ್ಟುಕೊಂಡರೆ ದಿನವೂ ಒಲೆ ಮುಂದೆ ನಿಲ್ಲಬೇಕಿಲ್ಲ. ಮನೆಯ ಗಂಡಸರೂ ಇದಕ್ಕೆ ಒಪ್ಪಿಕೊಳ್ಳಬೇಕು. ಫ್ರಿಜ್ಜಿನ ಹಿಂದೆ ಗೇಣು ಜಾಗ ಬಿಡಿ.

ಮನೆ ಬಿಟ್ಟು ಮನುಷ್ಯರನ್ನು ನೋಡಬೇಕಾದ ಹೊತ್ತು

ಕೋಣೆಯ ಗಾಳಿ 40 ಡಿಗ್ರಿ ತಲುಪಿದರೆ ಫ್ಯಾನನ್ನು ನಂಬಬೇಡಿ. ಅದು ಬಿಸಿಯನ್ನೇ ಮೈಗೆ ಬಡಿಯುತ್ತದೆ ಎಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೂ 40ರ ಕೆಳಗಿದ್ದಾಗ ಮಾತ್ರ ಫ್ಯಾನ್ ಬಳಸಲು ಹೇಳುತ್ತದೆ. ಅಜ್ಜ-ಅಜ್ಜಿ, ಹಸುಗೂಸು, ಬಸುರಿ, ಬಾಣಂತಿಯರನ್ನು ಕೆಳಗಿನ ಅಂತಸ್ತಿಗೋ ಮಾಳಿಗೆ ಮನೆಯವರ ಪಡಸಾಲೆಗೋ ಕರೆದೊಯ್ಯಿರಿ. ಬಾಣಂತಿ ಕೋಣೆಯನ್ನು ಬೇಸಿಗೆಯಲ್ಲೂ ಬಿಗಿಯಾಗಿ ಮುಚ್ಚಿಡುವ ರೂಢಿ ಇನ್ನೂ ಇದೆ. ತಾಯಿಗೂ ಕೂಸಿಗೂ ಅದು ಅಪಾಯ. ಯಾರಾದರೂ ಮೈ ಸುಡುತ್ತಿದ್ದು ಮಾತು ತಡವರಿಸಿದರೆ, ದಿಕ್ಕುತಪ್ಪಿದಂತೆ ಆಡಿದರೆ, 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈಗೆ ನೀರು ಹಚ್ಚಿ ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮದ್ದು ಹಿಡಿಯಿತೇ ಎಂದು ನೋಡುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸುಣ್ಣ, ಪರದೆ, ಮೆಟ್ಟಿಲ ಬಾಗಿಲು ಎಲ್ಲವನ್ನೂ ಒಂದೇ ದಿನ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯದು. ನಾಲ್ಕು ದಿನ ಬಿಟ್ಟು, ಹೊರಗಿನ ಮಧ್ಯಾಹ್ನದ ಅಂಕಿ ಮೊದಲಿನಷ್ಟೇ ಇರುವ, ಮೋಡವಿಲ್ಲದ ದಿನ ಆರಿಸಿ ರಾತ್ರಿ 10ರ ಅಂಕಿಯನ್ನು ಹೋಲಿಸಿ. ಮೋಡ ಮುಸುಕಿದ ರಾತ್ರಿ ತಾರಸಿಯ ಕಾವು ಆಕಾಶಕ್ಕೆ ಸರಿಯಾಗಿ ಹೋಗುವುದಿಲ್ಲ. ಆ ದಿನದ ಅಂಕಿಯಿಂದ ಸುಣ್ಣವನ್ನು ಅಳೆಯಬೇಡಿ. ಗಾಳಿಯಲ್ಲಿ ಒಂದೆರಡು ಡಿಗ್ರಿ ಇಳಿದಿದ್ದರೂ ಸೂರಿನ ಒಳಮೈ ಅದಕ್ಕಿಂತ ಹೆಚ್ಚು ಇಳಿದಿರುತ್ತದೆ, ಅಂಗೈಗೆ ಅದು ತಿಳಿಯುತ್ತದೆ. ಸುಣ್ಣ ಹಚ್ಚಿದ ಮೇಲೂ ರಾತ್ರಿ 10ಕ್ಕೆ ಸೂರು ಬೆಚ್ಚಗೇ ಇದ್ದರೆ ತಾರಸಿಯ ಧೂಳು ಗುಡಿಸಿ ಮತ್ತೊಮ್ಮೆ ನೋಡಿ. ಸೂರು ತಣ್ಣಗಾಗಿದ್ದೂ ಕೋಣೆ ಕಾದಿದ್ದರೆ ಪಡುವಣ ಗೋಡೆಗೆ ಅಂಗೈ ಇಡಿ, ಆಮೇಲೆ ಊದಿನಕಡ್ಡಿ ಹಚ್ಚಿ.